ಡಿಸೆಂಬರ್ ಬಂದರೂ ಎದುರು ಮನೆಯಲ್ಲಿ ಕ್ರಿಸ್ಮಸ್ ಶುರುವಾಗಿಲ್ಲ. ಈ ಅಡ್ವೆಂಟ್ ಅಂದರೆ ಏನು?

ವಸಾಯಿಯಿಂದ | ಡಿಸೆಂಬರ್ 1, 2025

ಎಲ್ಲರಿಗೂ ನಮಸ್ಕಾರ. ನಾವು ಗದಗ ಕಡೆಯವರು, ಮುಂಬೈ ಹತ್ತಿರದ ವಸಾಯಿಗೆ ಬಂದು ಆರು ವರ್ಷ ಆಯಿತು. ನಮ್ಮ ಎದುರು ಮನೆಯವರು ಇಲ್ಲಿಯವರೇ, ಕ್ಯಾಥೊಲಿಕರು. ಆ ಮನೆಯ ಆಂಟಿ ನನಗೆ ತಾಯಿ ಇದ್ದ ಹಾಗೆ. ಮಗಳು ಹುಟ್ಟಿದಾಗ ಊರಿಂದ ಅಮ್ಮ ಬರುವುದು ತಡವಾಯಿತು, ಹತ್ತು ದಿನ ನನ್ನ ಊಟ ಅವರ ಮನೆಯಿಂದಲೇ ಬಂತು. ಗೊತ್ತಿಲ್ಲದೆ ಅವರ ಮನಸ್ಸಿಗೆ ನೋವು ಮಾಡಬಾರದು ಅಂತ ಇಲ್ಲಿ ಕೇಳುತ್ತಿದ್ದೇನೆ.

ನಿನ್ನೆ ಭಾನುವಾರ ಮಾಲ್‌ಗೆ ಹೋಗಿದ್ದೆವು. ಅಲ್ಲಿ ಆಗಲೇ ದೊಡ್ಡ ಮರ, ದೀಪ, ಹಾಡು, ಎಲ್ಲ ಇತ್ತು. ಆಂಟಿಗೆ ಕೊಡಬೇಕು ಅಂತ ಮಗಳು ಒಂದು ಪ್ಲಮ್ ಕೇಕ್ ಆರಿಸಿದಳು. ಸಂಜೆ ತೆಗೆದುಕೊಂಡು ಹೋಗಿ ಹ್ಯಾಪಿ ಕ್ರಿಸ್ಮಸ್ ಅಂದೆವು. ಆಂಟಿ ನಕ್ಕು ಮಗಳ ತಲೆ ಸವರಿದರು, ಕೇಕನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು, ಆದರೆ ಕತ್ತರಿಸಲಿಲ್ಲ, ಹಾಗೇ ಫ್ರಿಜ್ಜಿನಲ್ಲಿ ಇಟ್ಟುಬಿಟ್ಟರು. 'ಅಭೀ ನಹೀ ಬೇಟಾ, ಅಭೀ ಅಡ್ವೆಂಟ್ ಹೈ' ಅಂದರು, ಈಗಲ್ಲ ಮಗಾ, ಈಗ ಅಡ್ವೆಂಟ್ ಅಂತ. ಮನೆಯಲ್ಲಿ ನಕ್ಷತ್ರ ಇಲ್ಲ, ಮರ ಇಲ್ಲ. ಮೇಜಿನ ಮೇಲೆ ಹಸಿರು ಎಲೆ ಸುತ್ತಿದ ಒಂದು ಬಳೆಯಂಥದ್ದು, ಅದರಲ್ಲಿ ನಾಲ್ಕು ಮೇಣದ ಬತ್ತಿ, ಮೂರು ನೇರಳೆ, ಒಂದು ಗುಲಾಬಿ. ಟ್ಯೂಬ್‌ಲೈಟ್ ಆರಿಸಿ ಒಂದೇ ಒಂದು ಬತ್ತಿ ಹಚ್ಚಿ ಎಲ್ಲರೂ ಪ್ರಾರ್ಥನೆಗೆ ಕೂತರು. ನಾವು ಮೆಲ್ಲಗೆ ಹೊರಗೆ ಬಂದೆವು.

ಇನ್ನೊಂದು ವಿಷಯ. ಅವರ ತಂಗಿಯ ಮಗನ ಮದುವೆ ಇದೇ 14ಕ್ಕೆ ಆಗಬೇಕಿತ್ತಂತೆ. ಹಾಲ್ ಸಿಕ್ಕಿತ್ತು, ಆದರೂ 28ಕ್ಕೆ ಮುಂದೆ ಹಾಕಿದ್ದಾರೆ. ಕ್ರಿಸ್ಮಸ್ ಆದ ಮೇಲೇ ಮಾಡೋಣ ಅಂತ ಫಾದರ್ ಹೇಳಿದರಂತೆ. ಇದು ನಮ್ಮ ಆಷಾಢದ ಹಾಗೆ ಕೆಟ್ಟ ಕಾಲವಾ? ಉಪವಾಸವಾ? ಸೂತಕದ ಥರ ಏನಾದರೂ ಇದೆಯಾ? ಕೇಕ್ ಕೊಟ್ಟದ್ದು ತಪ್ಪಾಯಿತಾ? ಆಂಟಿಯನ್ನೇ ಕೇಳಬಹುದು, ಆದರೆ ಅವರ ಮರಾಠಿ ನನಗೆ ಅರ್ಧ ಅರ್ಥವಾಗುತ್ತದೆ, ಇಂಥ ವಿಷಯ ಅರ್ಧ ಅರ್ಥವಾದರೆ ಸಾಲದು ಅಲ್ವಾ. ಗೊತ್ತಿದ್ದವರು ಹೇಳಿ.

ಡೊಂಬಿವಲಿ ಕನ್ನಡಿಗ | ಡಿಸೆಂಬರ್ 1

ನನಗೆ ಕ್ರೈಸ್ತರ ಆಚರಣೆ ಹೆಚ್ಚು ಗೊತ್ತಿಲ್ಲ. ಆದರೆ ನೀವು ಹೇಳಿದ್ದು ಕೇಳಿದರೆ ಆಷಾಢಕ್ಕಿಂತ ಧನುರ್ಮಾಸ ನೆನಪಾಗುತ್ತದೆ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿವರೆಗೆ ನಾವೂ ಮದುವೆ ಮುಂಜಿ ಇಟ್ಟುಕೊಳ್ಳುವುದಿಲ್ಲ. ಜನ ಅದನ್ನು ಶೂನ್ಯಮಾಸ ಅನ್ನುತ್ತಾರೆ, ಆದರೆ ನಮ್ಮ ಅಜ್ಜ ಬೇರೆ ಥರ ಹೇಳುತ್ತಿದ್ದರು. ಆ ತಿಂಗಳು ದೇವರಿಗೆ ಬಿಟ್ಟದ್ದು, ನಮ್ಮ ಕೆಲಸ ಅದರಲ್ಲಿ ತುರುಕಬಾರದು ಅಂತ. ಸೂರ್ಯ ಹುಟ್ಟುವ ಮೊದಲೇ ಪೂಜೆ, ಬಿಸಿ ಹುಗ್ಗಿ ನೈವೇದ್ಯ. ನಿಮ್ಮ ಆಂಟಿಯದೂ ಅಂಥದ್ದೇ ಇರಬಹುದು. ಸರಿಯಾ ತಪ್ಪಾ ಅಂತ ಕ್ರೈಸ್ತರು ಯಾರಾದರೂ ಹೇಳಬೇಕು.

ಬಾಂದ್ರಾದ ಮಂಗಳೂರಮ್ಮ | ಡಿಸೆಂಬರ್ 2

ತಂಗೀ, ಮೊದಲು ಕೇಕ್ ವಿಷಯ. ಏನೂ ತಪ್ಪಾಗಿಲ್ಲ. ಫ್ರಿಜ್ಜಿನಲ್ಲಿ ಇಟ್ಟರು ಅಂದರೆ ಕ್ರಿಸ್ಮಸ್‌ಗೆ ಅಂತ ಎತ್ತಿಟ್ಟರು. ಪ್ಲಮ್ ಕೇಕ್ ಅಷ್ಟು ದಿನಕ್ಕೆ ಕೆಡುವುದಿಲ್ಲ, ನಿಮ್ಮ ಮಗಳ ಕೇಕ್ 25ಕ್ಕೆ ಆ ಮೇಜಿನ ಮೇಲೆ ಬಂದೇ ಬರುತ್ತದೆ.

ನಾವು ಮಂಗಳೂರು ಕಡೆಯ ಕ್ಯಾಥೊಲಿಕರು, ಮನೆಯಲ್ಲಿ ಕೊಂಕಣಿ, ಓದಿದ್ದು ಕನ್ನಡ, ಬಾಂದ್ರಾಕ್ಕೆ ಮದುವೆಯಾಗಿ ಬಂದು ಮೂವತ್ತು ವರ್ಷದ ಮೇಲಾಯಿತು. ಬಾಣಂತಿ ಊಟದ ವಿಷಯ ನೀವೇ ಬರೆದಿದ್ದೀರಿ, ಅದನ್ನೇ ಹಿಡಿದು ಹೇಳುತ್ತೇನೆ. ಮಗಳು ಮೊದಲ ಹೆರಿಗೆಗೆ ತವರಿಗೆ ಬಂದ ಮನೆ ಹೇಗಿರುತ್ತದೆ? ಅಟ್ಟದ ಮೇಲಿಂದ ತೊಟ್ಟಿಲು ಇಳಿಸುತ್ತೇವೆ. ಹಳೆಯ ಹತ್ತಿ ಸೀರೆ ಒಗೆದು, ಹರಿದು, ಮಡಚಿ ಇಡುತ್ತೇವೆ. ರಾತ್ರಿ ಒಬ್ಬರಾದರೂ ಎಚ್ಚರ ಇರುತ್ತಾರೆ. ಮನಸ್ಸು ತುಂಬ ಸಂತೋಷ, ಹೊಟ್ಟೆಯೊಳಗೆ ಸ್ವಲ್ಪ ಹೆದರಿಕೆ. ಆದರೆ ಯಾರೂ ಪೇಡೆ ಹಂಚುವುದಿಲ್ಲ. ಮಗು ಹುಟ್ಟಲಿ, ಆಮೇಲೆ. ಅಡ್ವೆಂಟ್ ಅಂದರೆ ಅದೇ. ಯೇಸುವಿನ ತಾಯಿ ಮರಿಯಮ್ಮ ತುಂಬು ಗರ್ಭಿಣಿ, ನಾವೆಲ್ಲ ಆ ಮನೆಯವರು.

ಅದ್ವೆಂತುಸ್ ಅನ್ನುವ ಲ್ಯಾಟಿನ್ ಮಾತಿಗೆ ಬರುವುದು, ಬರುವಿಕೆ ಅಂತ ಅರ್ಥ. ನಮ್ಮ ಕನ್ನಡ ಪೂಜೆ ಪುಸ್ತಕದಲ್ಲಿ ಆಗಮನ ಕಾಲ ಅಂತಲೇ ಇದೆ, ನಿಮ್ಮ ಆಂಟಿಯ ಮರಾಠಿಯಲ್ಲೂ ಹೆಚ್ಚು ಕಡಿಮೆ ಅದೇ ಮಾತು. ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರ ಲೆಕ್ಕ. ಮೊದಲ ಭಾನುವಾರ ನವೆಂಬರ್ 30ಕ್ಕೆ ಹತ್ತಿರ ಇರುವುದು, ಅದು ಸಂತ ಅಂದ್ರೆಯರ ಹಬ್ಬದ ದಿನ. ಈ ವರ್ಷ 30ನೇ ತಾರೀಕೇ ಭಾನುವಾರ ಬಂತು. ಹಾಗಾಗಿ ಪ್ರತಿ ವರ್ಷ ದಿನ ಹೆಚ್ಚು ಕಡಿಮೆ ಆಗುತ್ತದೆ. 2022ರಲ್ಲಿ ಪೂರ್ತಿ 28 ದಿನ ಸಿಕ್ಕಿತ್ತು, 2023ರಲ್ಲಿ ಬರೀ 22. ಆ ವರ್ಷ ನಾಲ್ಕನೇ ಭಾನುವಾರವೇ ಡಿಸೆಂಬರ್ 24. ಬೆಳಿಗ್ಗೆ ಆಗಮನದ ಪೂಜೆ, ಅದೇ ರಾತ್ರಿ ಕ್ರಿಸ್ಮಸ್ ಪೂಜೆ, ಅಡುಗೆಮನೆಯಲ್ಲಿ ನಾವು ಪಟ್ಟ ಪಾಡು ನಮಗೇ ಗೊತ್ತು.

ಚರ್ಚಿನ ಹೊಸ ವರ್ಷವೂ ಇಲ್ಲಿಂದಲೇ ಶುರು. ಯುಗಾದಿಗೆ ಪಂಚಾಂಗ ಬದಲಾದ ಹಾಗೆ ಭಾನುವಾರದ ವಾಚನಗಳು, ಅಂದರೆ ಪೂಜೆಯಲ್ಲಿ ಓದುವ ಬೈಬಲ್ ಭಾಗಗಳು, ಬದಲಾಗುತ್ತವೆ. ಮೂರು ವರ್ಷದ ಸುತ್ತು ಅದು, ಈ ಸಲ ಮತ್ತಾಯನ ಶುಭಸಂದೇಶದ ವರ್ಷ, ಶುಭಸಂದೇಶ ಅಂದರೆ ಬೈಬಲಿನಲ್ಲಿರುವ ಯೇಸುವಿನ ಚರಿತ್ರೆ. ಪೂಜೆಯಲ್ಲಿ ಫಾದರ್ ನೇರಳೆ ಬಣ್ಣದ ಮೇಲಂಗಿ ಹಾಕುತ್ತಾರೆ. ಗ್ಲೋರಿಯಾ ಅನ್ನುವ ಸ್ತುತಿಗೀತೆ ಈ ಭಾನುವಾರಗಳಲ್ಲಿ ಹಾಡುವುದಿಲ್ಲ. ಯೇಸು ಹುಟ್ಟಿದ ರಾತ್ರಿ ದೇವದೂತರು ಹಾಡಿದ ಮಾತಿನಿಂದಲೇ ಅದು ಶುರುವಾಗುವುದು, ಅದಕ್ಕೇ ಆ ರಾತ್ರಿಗೆ ಕಾದಿಡುತ್ತೇವೆ. ನಾಲ್ಕು ವಾರ ಕೇಳದೆ ಇದ್ದು 24ರ ರಾತ್ರಿ ಗಂಟೆ ಬಾರಿಸುತ್ತಾ ಅದು ಒಮ್ಮೆಲೇ ಎದ್ದಾಗ ನನಗೆ ಈಗಲೂ ಕಣ್ಣು ತುಂಬುತ್ತದೆ.

ಆದರೆ ಇದು ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲದಷ್ಟು ಬಿಗಿಯಲ್ಲ, ಶೋಕವಂತೂ ಅಲ್ಲವೇ ಅಲ್ಲ. ಅಲ್ಲೆಲೂಯ ಅನ್ನುವ ಸಂತೋಷದ ಸ್ತುತಿ ಹಾಡುತ್ತೇವೆ. ನಮ್ಮ ಪಂಗಡದಲ್ಲಿ ಕಡ್ಡಾಯ ಉಪವಾಸ ಇಲ್ಲ, ಬೇಕಾದವರು ಏನಾದರೂ ಬಿಡುತ್ತಾರೆ. ನಾನು ಟಿವಿ ಬಿಡುತ್ತೇನೆ. ಡೊಂಬಿವಲಿ ಅಣ್ಣ ಹೇಳಿದ ಧನುರ್ಮಾಸ ಈ ಅರ್ಥದಲ್ಲಿ ಹತ್ತಿರವೇ ಇದೆ. ಕೆಟ್ಟ ಕಾಲ ಅಂತ ಮದುವೆ ನಿಲ್ಲಿಸುವುದಲ್ಲ. ಚರ್ಚಿನ 1917ರ ಕಾನೂನಿನಲ್ಲಿ ಆಗಮನದ ಮೊದಲ ಭಾನುವಾರದಿಂದ ಕ್ರಿಸ್ಮಸ್ ದಿನದವರೆಗೆ ಮದುವೆಯ ವಿಶೇಷ ಆಶೀರ್ವಾದ ಕೊಡುವ ಹಾಗಿರಲಿಲ್ಲ. ಈಗಿನ ಕಾನೂನಿನಲ್ಲಿ ಆ ನಿಷೇಧ ಇಲ್ಲ. ಆದರೂ ಈ ಭಾನುವಾರಗಳಲ್ಲಿ ಮದುವೆಗೆಂದೇ ಇರುವ ಪೂಜೆ ಮಾಡುವಂತಿಲ್ಲ, ಆ ಭಾನುವಾರದ ಪೂಜೆಯೇ ಆಗಬೇಕು. ನೀವು ಹೇಳಿದ 14 ಭಾನುವಾರವೇ. ಅದೂ ಅಲ್ಲದೆ ಬ್ಯಾಂಡು, ಕುಣಿತ, ಮದುವೆಗೆ ಮುಂಚೆ ತೆಂಗಿನ ಹಾಲು ಹಚ್ಚುವ ರೋಸ್ ಎಲ್ಲ ಬೇಕು ಅಂದರೆ ನಾವೇ ಮುಂದೆ ಹಾಕಿಕೊಳ್ಳುತ್ತೇವೆ. ಅದಕ್ಕೇ ನಮ್ಮವರಲ್ಲಿ ನವೆಂಬರ್ ಕೊನೆಯವರೆಗೆ ಮದುವೆಯೋ ಮದುವೆ, ಮತ್ತೆ ಡಿಸೆಂಬರ್ 26ರಿಂದ ಶುರು.

ಮನೆಯಲ್ಲಿ ನಾವು ಮಾಡುವುದು ಸಣ್ಣ ಸಣ್ಣದು. ಹಿಲ್ ರೋಡ್‌ನಲ್ಲಿ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿಯ ಗೊಂಬೆ, ನಕ್ಷತ್ರ ಎಲ್ಲ ಆಗಲೇ ಮಾರಾಟಕ್ಕೆ ಬಂದಿವೆ, ಅದನ್ನು ನೋಡಿ ಮಕ್ಕಳು ಕುಣಿಯುತ್ತಾರೆ. ಗೋದಲಿ ಕಟ್ಟುತ್ತೇವೆ, ಆದರೆ ಬಾಲಯೇಸುವಿನ ಗೊಂಬೆ ಇಡುವುದಿಲ್ಲ. ಅದು 24ರ ರಾತ್ರಿವರೆಗೆ ಕಪಾಟಿನೊಳಗೆ. ಕುರಿ ಇದೆ, ಕುರುಬರು ಇದ್ದಾರೆ, ಮರಿಯಮ್ಮ ಜೋಸೆಫರು ಇದ್ದಾರೆ, ನಡುವಿನ ಮೇವಿನ ತೊಟ್ಟಿ ಖಾಲಿ. ನನ್ನ ಮಕ್ಕಳು ಚಿಕ್ಕವರಿದ್ದಾಗ ಒಂದು ಒಳ್ಳೆಯ ಕೆಲಸ ಮಾಡಿದರೆ ಒಂದು ಹುಲ್ಲುಕಡ್ಡಿ ಆ ತೊಟ್ಟಿಗೆ ಹಾಕಬೇಕಿತ್ತು, ಮಗು ಮೆತ್ತಗೆ ಮಲಗಲಿ ಅಂತ. ಜಗಳ ಆಡಿದ ದಿನ ತೊಟ್ಟಿ ನೋಡಿ ಅವರೇ ಸುಮ್ನಾಗುತ್ತಿದ್ದರು. ಹಬ್ಬದ ಹತ್ತಿರ ಬಂದಾಗ ಕುಸ್ವಾರ್ ಅನ್ನುವ ಹಬ್ಬದ ತಿಂಡಿ ಕರಿಯುವುದು, ಕಿಡ್ಯೊ, ನೆವ್ರಿ, ಚಕ್ಕುಲಿ. ಕರಿದು ಡಬ್ಬಿಗೆ ಹಾಕಿ ಮುಚ್ಚುತ್ತೇವೆ. ಮತ್ತೆ ಫಾದರ್ ಮುಂದೆ ತಪ್ಪು ಒಪ್ಪಿಕೊಳ್ಳುವ ಪಾಪನಿವೇದನೆಗೆ ಹೋಗುತ್ತೇವೆ. ಮಾತು ಬಿಟ್ಟವರಿದ್ದರೆ ಹೋಗಿ ಮಾತಾಡಿಸುತ್ತೇವೆ, ಇದು ಎಲ್ಲಕ್ಕಿಂತ ಕಷ್ಟದ್ದು, ನಾನು ಎರಡು ವರ್ಷ ತೆಗೆದುಕೊಂಡೆ ನನ್ನ ನಾದಿನಿಯ ಮನೆ ಬಾಗಿಲು ತಟ್ಟಲು.

ಮೀರಾ ರೋಡ್ | ಡಿಸೆಂಬರ್ 2

ಒಂದು ಮಾತು ಸೇರಿಸುತ್ತೇನೆ. ನನ್ನ ಹೆಂಡತಿ ಕೇರಳದ ಸಿರಿಯನ್ ಕ್ಯಾಥೊಲಿಕ್ ಮನೆಯವಳು. ಅವರಲ್ಲಿ ಉಪವಾಸ ಉಂಟು. ಡಿಸೆಂಬರ್ 1ರಿಂದ ಕ್ರಿಸ್ಮಸ್‌ವರೆಗೆ, 25 ನೋಂಬು ಅನ್ನುತ್ತಾರೆ. ಮೀನು, ಮಾಂಸ ಮುಟ್ಟುವುದಿಲ್ಲ. ಮೀನು ಇಲ್ಲದೆ ಒಂದು ದಿನವೂ ಊಟ ಸೇರದ ನಮ್ಮ ಅತ್ತೆ ಈ ತಿಂಗಳು ಸಾಂಬಾರು, ಪಲ್ಯದಲ್ಲೇ ಇರುತ್ತಾರೆ, ಒಂದು ದಿನ ಬೇಸರ ಮಾಡಿಕೊಂಡದ್ದು ನಾನು ನೋಡಿಲ್ಲ. ನಿನ್ನೆಯಿಂದ ನಮ್ಮ ಮನೆಯಲ್ಲೂ ಶುರು.

ಪಶ್ಚಿಮದ ಚರ್ಚಿನಲ್ಲೂ ಹಿಂದೆ ಇದು ಇತ್ತು. ನವೆಂಬರ್ 11, ಸಂತ ಮಾರ್ಟಿನರ ಹಬ್ಬ, ಅಲ್ಲಿಂದ ಕ್ರಿಸ್ಮಸ್‌ವರೆಗೆ ವಾರಕ್ಕೆ ಮೂರು ದಿನ ಉಪವಾಸ ಇರಬೇಕು ಅಂತ ಫ್ರಾನ್ಸಿನ ಮಾಕೋನ್ ಊರಲ್ಲಿ ಸೇರಿದ ಬಿಷಪ್ಪರ ಸಭೆ 581ರಲ್ಲಿ ಹೇಳಿತ್ತು. ಸೋಮವಾರ, ಬುಧವಾರ, ಶುಕ್ರವಾರ. ಆಮೇಲೆ ರೋಮಿನಲ್ಲಿ ಅದು ನಾಲ್ಕು ವಾರಕ್ಕೆ ಇಳಿಯಿತು, ಉಪವಾಸವೂ ಸಡಿಲವಾಯಿತು. ಮಿಲಾನ್‌ನಲ್ಲಿ ಇವತ್ತಿಗೂ ಆರು ಭಾನುವಾರ ಲೆಕ್ಕ. ಗ್ರೀಕ್ ಆರ್ಥೊಡಾಕ್ಸ್ ಚರ್ಚಿನಲ್ಲಿ ನವೆಂಬರ್ 15ರಿಂದ 40 ದಿನ ಉಪವಾಸ. ಅಂದರೆ ನಿಮ್ಮ ಆಂಟಿ ಮಾಡುವ ರೀತಿ ಒಂದು, ನಮ್ಮ ಅತ್ತೆಯಂಥ ಮಲಯಾಳಿ ಮನೆಯವರ ರೀತಿ ಇನ್ನೊಂದು. ಊಟಕ್ಕೆ ಕರೆಯುವ ಮೊದಲು ಕೇಳಿಕೊಂಡರೆ ಒಳ್ಳೆಯದು.

ಪುಣೆ ಕ್ಯಾಂಪ್ | ಡಿಸೆಂಬರ್ 3

ಬಾಂದ್ರಾದ ಅಕ್ಕ ತುಂಬ ಚೆನ್ನಾಗಿ ಬರೆದಿದ್ದಾರೆ. ಆದರೆ ತೊಟ್ಟಿಲ ಹೋಲಿಕೆಗೆ ಒಂದು ಮಾತು ಸೇರಿಸದೆ ಇದ್ದರೆ ಅರ್ಧ ಹೇಳಿದ ಹಾಗಾಗುತ್ತದೆ. ಅಡ್ವೆಂಟ್ ಬರೀ ಹಿಂದೆ ಬಂದವರ ನೆನಪಲ್ಲ. ಯೇಸು ಮತ್ತೆ ಬರುತ್ತಾರೆ ಅನ್ನುವ ನಂಬಿಕೆಯೂ ಅದರಲ್ಲಿ ಅಷ್ಟೇ ಇದೆ. ಮೊದಲ ಭಾನುವಾರದ ವಾಚನ ನೋಡಿ, ಮತ್ತಾಯ 24. ಅದರಲ್ಲಿ ಯೇಸು ಹುಟ್ಟಿದ ಬೆತ್ಲೆಹೇಮ್ ಇಲ್ಲ, ಮಗು ಇಲ್ಲ. ನೋಹನ ಕಾಲದ ಪ್ರವಾಹ ಇದೆ. ಕಳ್ಳ ಯಾವ ಹೊತ್ತಿಗೆ ಬರುತ್ತಾನೆ ಅಂತ ಮನೆಯವನಿಗೆ ಗೊತ್ತಿದ್ದರೆ ಎಚ್ಚರ ಇರುತ್ತಿದ್ದ, ನೀವೂ ಎಚ್ಚರ ಇರಿ ಅನ್ನುವ ಮಾತಿದೆ. ಮೊದಲ ಕ್ರೈಸ್ತರು ಅರಮಾಯಿಕ್ ಭಾಷೆಯಲ್ಲಿ ಮಾರಾನಾ ಥಾ ಅನ್ನುತ್ತಿದ್ದರು, ನಮ್ಮ ಪ್ರಭುವೇ ಬಾ ಅಂತ. ಬೈಬಲಿನಲ್ಲಿ ಕೊರಿಂಥ ಊರಿನ ಕ್ರೈಸ್ತರಿಗೆ ಬರೆದ ಮೊದಲ ಪತ್ರದ ಕೊನೆಯಲ್ಲಿ ಪೌಲ ಅನ್ನುವ ಧರ್ಮಪ್ರಚಾರಕ ಅದನ್ನು ಹಾಗೇ ಬರೆದಿದ್ದಾನೆ.

ನಾವು ಧಾರವಾಡದವರು, ಬಾಸೆಲ್ ಮಿಷನ್ ಕಾಲದಿಂದ ಪ್ರೊಟೆಸ್ಟೆಂಟರು. ಅಪ್ಪ ಕೆಲಸಕ್ಕೆ ಅಂತ ಪುಣೆಗೆ ಬಂದವರು ಇಲ್ಲೇ ಉಳಿದರು. ಅವರು ತೀರಿಕೊಂಡದ್ದು ಅಡ್ವೆಂಟಿನ ಎರಡನೇ ವಾರ. ಚಿಕ್ಕಂದಿನಿಂದ ಈ ಎರಡನೇ ಬರುವಿಕೆಯ ಮಾತು ಪ್ರಸಂಗದಲ್ಲಿ ಕೇಳಿದ್ದೆ, ಒಂದು ಥರ ಹೆದರಿಕೆಯಾಗುತ್ತಿತ್ತು, ಲೋಕ ಮುಗಿಯುವುದು, ನ್ಯಾಯತೀರ್ಪು ಅಂತೆಲ್ಲ. ಆ ವರ್ಷ ಸಮಾಧಿ ಮಾಡಿ ಬಂದ ಮೇಲಿನ ಭಾನುವಾರ ಅಮ್ಮ ಮೂರನೇ ಬತ್ತಿ ಹಚ್ಚಿದರು. ಯಾರೂ ಮಾತಾಡಲಿಲ್ಲ. ಯೇಸು ಬರುವಾಗ ಅಪ್ಪನನ್ನೂ ಕರೆದುಕೊಂಡು ಬರುತ್ತಾರೆ ಅಂದರು ಅಮ್ಮ, ಅಷ್ಟೇ. ಅಂದಿನಿಂದ ನನಗೆ ಆ ಮಾತಿನ ಹೆದರಿಕೆ ಹೋಯಿತು. ಈಗ ನಾನು ಕಾಯುವುದು ಆ ಬರುವಿಕೆಯನ್ನೇ. ಅದಕ್ಕೇ ತೊಟ್ಟಿಲು ಮಾತ್ರ ಸಾಲದು ಅಂದೆ ಅಕ್ಕಾ, ತಪ್ಪು ತಿಳಿಯಬೇಡಿ.

ಮತ್ತೆ ಆ ಹಸಿರು ಚಕ್ರ. ಈಗ ಎಲ್ಲ ಪಂಗಡದವರೂ ಇಡುತ್ತಾರೆ, ಆದರೆ ಶುರುವಾದದ್ದು ಜರ್ಮನಿಯ ಪ್ರೊಟೆಸ್ಟೆಂಟರಲ್ಲಿ. ಹ್ಯಾಂಬರ್ಗ್‌ನಲ್ಲಿ ಯೊಹಾನ್ ಹಿನ್ರಿಖ್ ವಿಖೆರ್ನ್ ಅನ್ನುವ ಪಾದ್ರಿ ಬಡ ಮಕ್ಕಳಿಗೆ ಒಂದು ಆಶ್ರಮ ನಡೆಸುತ್ತಿದ್ದರು. ಕ್ರಿಸ್ಮಸ್‌ಗೆ ಇನ್ನೆಷ್ಟು ದಿನ, ಇನ್ನೆಷ್ಟು ದಿನ ಅಂತ ಮಕ್ಕಳು ದಿನಾ ಕೇಳುತ್ತಿದ್ದರಂತೆ. 1839ರಲ್ಲಿ ಅವರು ಹಳೆಯ ಗಾಡಿ ಚಕ್ರಕ್ಕೆ ಬತ್ತಿ ಸಿಕ್ಕಿಸಿದರು. ಭಾನುವಾರಕ್ಕೆ ನಾಲ್ಕು ದೊಡ್ಡವು, ವಾರದ ದಿನಗಳಿಗೆ ಸಣ್ಣವು. ದಿನಕ್ಕೊಂದು ಹೆಚ್ಚು ಹಚ್ಚುವುದು. ಮನೆಗಳಿಗೆ ಬಂದಾಗ ನಾಲ್ಕು ಮಾತ್ರ ಉಳಿದವು. ನಾಲ್ಕು ಬತ್ತಿಗೆ ನಿರೀಕ್ಷೆ, ಸಮಾಧಾನ, ಸಂತೋಷ, ಪ್ರೀತಿ ಅಂತ ಹೆಸರು ಹೇಳುತ್ತಾರೆ, ಒಂದೊಂದು ಚರ್ಚಿನಲ್ಲಿ ಒಂದೊಂದು ಕ್ರಮ, ಅದು ದೊಡ್ಡ ವಿಷಯವಲ್ಲ. ಅಲ್ಲಿ ಈ ಕಾಲಕ್ಕೆ ಮಧ್ಯಾಹ್ನ ಮೂರೂವರೆ ನಾಲ್ಕಕ್ಕೇ ಕತ್ತಲಾಗುತ್ತಾ ಬರುತ್ತದೆ. ವಾರ ವಾರ ಕತ್ತಲು ಜಾಸ್ತಿ, ಬತ್ತಿಯೂ ಜಾಸ್ತಿ. 'ಕತ್ತಲಲ್ಲಿ ನಡೆಯುತ್ತಿದ್ದ ಜನರಿಗೆ ದೊಡ್ಡ ಬೆಳಕು ಕಂಡಿತು' ಅಂತ ಬೈಬಲಿನ ಯೆಶಾಯ 9ರಲ್ಲಿ ಬರುವ ಮಾತು ಅಲ್ಲಿ ಕಣ್ಣಿಗೇ ಕಾಣುತ್ತದೆ.

ಇನ್ನೊಂದು, ಇಲ್ಲಿ ಪುಣೆಯಲ್ಲಿ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಸ್ಪೈಸರ್ ಅಡ್ವೆಂಟಿಸ್ಟ್ ವಿಶ್ವವಿದ್ಯಾಲಯದ ಹೆಸರು ಕೇಳಿ ಅಡ್ವೆಂಟ್ ಅಂದರೆ ಅವರ ಹಬ್ಬ ಅಂದುಕೊಳ್ಳುತ್ತಾರೆ. ಅದು ಸೆವೆಂತ್ ಡೇ ಅಡ್ವೆಂಟಿಸ್ಟ್ ಅನ್ನುವ ಬೇರೆ ಪಂಗಡ, 1863ರಲ್ಲಿ ಅಮೆರಿಕದಲ್ಲಿ ಸಂಘಟನೆಯಾದದ್ದು, ಆರಾಧನೆ ಶನಿವಾರ. ಯೇಸುವಿನ ಎರಡನೇ ಬರುವಿಕೆಗೆ ಕಾಯುವವರು ಅಂತ ಆ ಹೆಸರು. ಮೂಲ ಮಾತು ಒಂದೇ, ಈ ನಾಲ್ಕು ವಾರದ ಆಚರಣೆ ಬೇರೆ.

ಕ್ಯಾರೊಲ್, ಅಂದರೆ ಕ್ರಿಸ್ಮಸ್ ಹಾಡುಗಳ ವಿಷಯದಲ್ಲಿ ನಾವು ಅಷ್ಟು ಕಟ್ಟುನಿಟ್ಟಲ್ಲ. ಎರಡನೇ ವಾರದಿಂದಲೇ ನಮ್ಮ ಹುಡುಗರು ಗಿಟಾರ್ ಹಿಡಿದು ಮನೆ ಮನೆಗೆ ಹೋಗುತ್ತಾರೆ. ವಯಸ್ಸಾದವರು, ಹಾಸಿಗೆ ಹಿಡಿದವರು 25ಕ್ಕೆ ಚರ್ಚಿಗೆ ಬರಲಾಗುವುದಿಲ್ಲ, ಅವರ ಬಾಗಿಲಿಗೇ ಹಾಡು ಹೋಗುತ್ತದೆ. ಇದನ್ನು ಅವಸರ ಅಂತ ನಾನು ಅನ್ನುವುದಿಲ್ಲ.

ಬಾಂದ್ರಾದ ಮಂಗಳೂರಮ್ಮ | ಡಿಸೆಂಬರ್ 3

ತಮ್ಮಾ, ತಪ್ಪೇನು ತಿಳಿಯುವುದು. ನೀವು ಹೇಳಿದ್ದು ಸರಿ. ನಮ್ಮ ಪೂಜೆಯಲ್ಲೂ ಹಾಗೇ ಇದೆ, 16ರವರೆಗೆ ಎರಡನೇ ಬರುವಿಕೆಯ ಕಡೆ ಒತ್ತು, 17ರಿಂದ ಬೆತ್ಲೆಹೇಮಿನ ಕಡೆ. ಹೇಳುವಾಗ ನನಗೆ ತೊಟ್ಟಿಲೇ ಮೊದಲು ಬಂತು, ಈ ವರ್ಷ ನನ್ನ ಮಗಳಿಗೂ ಏಳು ತಿಂಗಳು. ಸಂತ ಬರ್ನಾರ್ಡರು ಮೂರು ಬರುವಿಕೆ ಅನ್ನುತ್ತಾರೆ, ಹಿಂದೆ ಬಂದದ್ದು, ಕೊನೆಗೆ ಬರುವುದು, ನಡುವೆ ದಿನಾ ನಮ್ಮ ಮನಸ್ಸಿನೊಳಗೆ ಬರುವುದು. ನಿಮ್ಮ ಅಮ್ಮನ ಮಾತು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ಅಪ್ಪನವರ ಹೆಸರಲ್ಲಿ ಈ ಭಾನುವಾರ ಒಂದು ಪ್ರಾರ್ಥನೆ ಮಾಡುತ್ತೇನೆ.

ವಾಸ್ಕೋ ಹುಡುಗ | ಡಿಸೆಂಬರ್ 4

ನಾನು ಬಾಗಲಕೋಟೆಯವನು, ವಾಸ್ಕೋದಲ್ಲಿ ಕೆಲಸ. ನನಗೂ ಒಂದು ಪ್ರಶ್ನೆ. ಕಾಯುವ ಕಾಲ, ಸದ್ದಿಲ್ಲದ ಕಾಲ ಅನ್ನುತ್ತೀರಿ. ಆದರೆ ಗೋವಾದಲ್ಲಿ ಈಗಲೇ ಜಾತ್ರೆ! ನಿನ್ನೆ ಡಿಸೆಂಬರ್ 3, ಹಳೆ ಗೋವಾದಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬ. ನವೆಂಬರ್ 24ರಿಂದ ಒಂಬತ್ತು ದಿನ ನೊವೆನಾ ಅನ್ನುವ ಪ್ರಾರ್ಥನೆ. ನಮ್ಮ ಕಂಪನಿ ಹುಡುಗರ ಜೊತೆ ನಾನೂ ಹೋಗಿದ್ದೆ, ಬೊಂ ಜೀಸಸ್ ಚರ್ಚಿನ ಸುತ್ತ ಕಾಲಿಡಲು ಜಾಗ ಇರಲಿಲ್ಲ, ರಸ್ತೆ ಉದ್ದಕ್ಕೂ ಅಂಗಡಿ, ಖಾಜೆ, ಕಡಲೆ, ಬಟ್ಟೆ, ಪಾತ್ರೆ. 8ಕ್ಕೆ ಪಣಜಿಯ ದೊಡ್ಡ ಮೆಟ್ಟಿಲಿನ ಚರ್ಚಿನ ಹಬ್ಬ. ಇದೆಲ್ಲ ಅಡ್ವೆಂಟ್ ಒಳಗೇ ಬರುತ್ತದಲ್ಲ, ಅದು ಹೇಗೆ? ಇಲ್ಲಿ ಎಷ್ಟೋ ಮನೆಯವರು ನಕ್ಷತ್ರವನ್ನೂ ಕಟ್ಟಿ ಆಯಿತು.

ಬಾಂದ್ರಾದ ಮಂಗಳೂರಮ್ಮ | ಡಿಸೆಂಬರ್ 4

ಸಂತರ ಹಬ್ಬ ಹೆಚ್ಚಾಗಿ ಅವರು ತೀರಿಕೊಂಡ ದಿನಕ್ಕೆ ಬರುತ್ತದೆ ಮಗಾ, ಅದು ಯಾವ ಕಾಲದಲ್ಲಿ ಬಿದ್ದರೂ ನಡೆಯುತ್ತದೆ. ಆದರೆ ನೀವು ಕೇಳಿದ್ದಕ್ಕೆ ಹೇಳುತ್ತೇನೆ, ಝೇವಿಯರರ ಕಥೆ ಆಗಮನ ಕಾಲಕ್ಕೆ ಹೊರತಲ್ಲ. ಅವರು ಚೀನಾಕ್ಕೆ ಹೋಗಬೇಕು ಅಂತ ಹೊರಟವರು. ಕರಾವಳಿಗೆ ಹತ್ತಿರದ ಶಾಂಗ್‌ಚುವಾನ್ ಅನ್ನುವ ದ್ವೀಪದಲ್ಲಿ ಇಳಿದು, ದಾಟಿಸುತ್ತೇನೆ ಅಂದ ವ್ಯಾಪಾರಿಯ ದೋಣಿಗೆ ಕಾದರು. ದೋಣಿ ಬರಲಿಲ್ಲ. ಜ್ವರ ಬಂತು. 1552ರ ಡಿಸೆಂಬರ್ 3ರಂದು ಆ ದಡದಲ್ಲೇ ಪ್ರಾಣ ಬಿಟ್ಟರು, ಎದುರಿಗೆ ಚೀನಾ. ನಾನು ಪ್ರತಿ ವರ್ಷ ಈ ಹಬ್ಬದ ದಿನ ಆ ದೋಣಿಯನ್ನು ನೆನೆಯುತ್ತೇನೆ. ಕಾದವರಿಗೆಲ್ಲ ಕಾದದ್ದು ಈ ಲೋಕದಲ್ಲೇ ಸಿಗುತ್ತದೆ ಅಂತಿಲ್ಲ.

8ರ ಹಬ್ಬ ಅಮಲೋದ್ಭವಿ ಮಾತೆಯದು, ಮರಿಯಮ್ಮ ತನ್ನ ತಾಯಿಯ ಹೊಟ್ಟೆಯಲ್ಲಿ ಪಾಪದ ಕಲೆ ಇಲ್ಲದೆ ಮೂಡಿದರು ಅನ್ನುವ ನಂಬಿಕೆಯ ಹಬ್ಬ. ಅಲ್ಲಿಂದ ಸರಿಯಾಗಿ ಒಂಬತ್ತು ತಿಂಗಳಿಗೆ ಸೆಪ್ಟೆಂಬರ್ 8, ಅವರು ಹುಟ್ಟಿದ ಹಬ್ಬ, ನಮ್ಮ ಮಂಗಳೂರಲ್ಲಿ ಮೊಂತಿ ಫೆಸ್ತ್, ಹೊಸ ತೆನೆ ತರುವ ದಿನ. ನಕ್ಷತ್ರ ಬೇಗ ಕಟ್ಟಿದರೆ ಅದೇನು ಪಾಪವಲ್ಲ. ಊರಿಗೊಂದು ರೂಢಿ.

ವಸಾಯಿಯಿಂದ | ಡಿಸೆಂಬರ್ 15

ಎಲ್ಲರಿಗೂ ತುಂಬ ತುಂಬ ಥ್ಯಾಂಕ್ಸ್. ಎರಡು ವಾರದಿಂದ ಈ ಉತ್ತರಗಳನ್ನು ಎಷ್ಟು ಸಲ ಓದಿದೆನೋ. ಯಜಮಾನರಿಗೂ ಓದಿ ಹೇಳಿದೆ.

ನಿನ್ನೆ ಮೂರನೇ ಭಾನುವಾರ ಆಂಟಿ ಮಗಳನ್ನು ಕರೆದು ಗುಲಾಬಿ ಬತ್ತಿಯನ್ನು ಅವಳ ಕೈಯಲ್ಲೇ ಹಚ್ಚಿಸಿದರು. ನಾನು ಪಕ್ಕದಲ್ಲೇ ಕೂತೆ, ಈ ಸಲ ಎದ್ದು ಬರಲಿಲ್ಲ. ಚರ್ಚಿನಲ್ಲಿ ಫಾದರ್ ಕೂಡ ಗುಲಾಬಿ ಮೇಲಂಗಿ ಹಾಕಿದ್ದರಂತೆ. ಯಾಕೆ ಅಂತ ಕೇಳಿದೆ, ಆನಂದದ ಭಾನುವಾರ ಅಂದರು. ಆದರೆ ಅವರು ಓದಿದ ಭಾಗ ಆನಂದದ್ದು ಅನಿಸಲಿಲ್ಲ. ಸೆರೆಮನೆಯಲ್ಲಿರುವ ಯಾರೋ ಯೇಸುವಿಗೆ ಹೇಳಿ ಕಳಿಸುತ್ತಾರೆ, ಬರಬೇಕಾದವನು ನೀನೇನಾ, ಇಲ್ಲ ಬೇರೆಯವನಿಗೆ ಕಾಯಬೇಕಾ ಅಂತ. ಅದು ಯಾರು? ಆನಂದದ ದಿನ ಅದನ್ನು ಯಾಕೆ ಓದುತ್ತಾರೆ?

ಬಾಂದ್ರಾದ ಮಂಗಳೂರಮ್ಮ | ಡಿಸೆಂಬರ್ 17

ತಂಗೀ, ನೀವು ಕೇಳಿದ ಪ್ರಶ್ನೆ ನಾನು ಐವತ್ತು ವರ್ಷ ಪೂಜೆಗೆ ಹೋದರೂ ಕೇಳಿಕೊಂಡಿರಲಿಲ್ಲ. ಅವರು ಸ್ನಾನಿಕ ಯೊವಾನ್ನರು. ಮತ್ತಾಯನ 11ನೇ ಅಧ್ಯಾಯ. ಯೇಸುವಿಗೆ ದಾರಿ ಮಾಡಲು ಬಂದವರು, ನದಿ ದಡದಲ್ಲಿ ನಿಂತು ಬರುತ್ತಾರೆ ಬರುತ್ತಾರೆ ಅಂತ ಊರಿಗೆಲ್ಲ ಕೂಗಿ ಹೇಳಿದವರು, ಯೇಸುವಿಗೆ ತಮ್ಮ ಕೈಯಾರೆ ದೀಕ್ಷಾಸ್ನಾನ ಕೊಟ್ಟವರು. ಅರಸ ಹೆರೋದ ಅವರನ್ನು ಹಿಡಿದು ಒಳಗೆ ಹಾಕಿದ. ಕತ್ತಲ ಕೋಣೆಯಲ್ಲಿ ಕೂತು ಕೂತು ಅವರಿಗೇ ಅನುಮಾನ ಬಂತು. ಯೇಸು ಬೈಯಲಿಲ್ಲ. ಹೌದು ಅಂತ ಒಂದೇ ಮಾತಲ್ಲಿ ಹೇಳಲೂ ಇಲ್ಲ. ನೀವು ಕಂಡದ್ದನ್ನು, ಕೇಳಿದ್ದನ್ನು ಹೋಗಿ ಹೇಳಿ ಅಂದರು. ಕುರುಡರಿಗೆ ಕಣ್ಣು ಬರುತ್ತಿದೆ, ಕುಂಟರು ನಡೆಯುತ್ತಿದ್ದಾರೆ, ಬಡವರಿಗೆ ಶುಭಸಂದೇಶ ಸಿಗುತ್ತಿದೆ ಅಂತ. ಸುದ್ದಿ ತಂದವರು ಹೊರಟ ಮೇಲೆ ಯೊವಾನ್ನರ ಬಗ್ಗೆ ಜನರ ಮುಂದೆ ಹೊಗಳಿದರು.

ಸೆರೆಮನೆಯ ಬಾಗಿಲು ತೆರೆಯಲಿಲ್ಲ, ಯೊವಾನ್ನರು ಹೊರಗೆ ಬರಲೂ ಇಲ್ಲ. ಆದರೂ ಅದನ್ನೇ ಆನಂದದ ಭಾನುವಾರ ಓದುತ್ತೇವೆ. ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ, ಅನುಮಾನ ಬಂದವರನ್ನೂ ದೇವರು ಕಾಯುವವರ ಸಾಲಿನಿಂದ ಹೊರಗೆ ಹಾಕಲಿಲ್ಲ, ನನಗೆ ಅದರಲ್ಲೇ ಆನಂದ. 2020ರಲ್ಲಿ ಕೊರೊನಾ ಕಾಲದಲ್ಲಿ ನಾನು ಮೊಬೈಲಿನಲ್ಲಿ ಪೂಜೆ ನೋಡುತ್ತಾ ಕೂತಿದ್ದಾಗ ಯೊವಾನ್ನರು ಕೇಳಿದ್ದನ್ನೇ ಕೇಳಿದ್ದೆ. ಗುಲಾಬಿ ಬಣ್ಣ ವರ್ಷದಲ್ಲಿ ಎರಡೇ ಸಲ ಹಾಕುವುದು, ಇನ್ನೊಂದು ತಪಸ್ಸು ಕಾಲದ ನಡುವೆ. ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಪೌಲರು ಆನಂದಿಸಿರಿ ಅನ್ನುತ್ತಾರೆ, ಅದು ಲ್ಯಾಟಿನ್ನಿನಲ್ಲಿ ಗೌದೇತೆ, ಆ ದಿನದ ಪೂಜೆ ಆ ಮಾತಿನಿಂದ ಶುರುವಾಗುವುದರಿಂದ ಆ ಹೆಸರು.

ಇವತ್ತಿನಿಂದ ಕೊನೆಯ ಘಟ್ಟ. 17ರಿಂದ 23ರವರೆಗೆ ಸಂಜೆಯ ಪ್ರಾರ್ಥನೆಯಲ್ಲಿ ದಿನಕ್ಕೊಂದು ಹೆಸರಿನಿಂದ ಯೇಸುವನ್ನು ಕರೆಯುತ್ತೇವೆ. ಓ ಜ್ಞಾನವೇ, ಓ ಒಡೆಯನೇ, ಓ ಜೆಸ್ಸೆಯನ ಬೇರೇ, ಓ ದಾವೀದನ ಬೀಗದ ಕೈಯೇ, ಓ ಮೂಡಣದ ಬೆಳಕೇ, ಓ ಜನಾಂಗಗಳ ಅರಸನೇ, ಓ ಇಮ್ಮಾನುವೇಲನೇ, ಬಾ. ಲ್ಯಾಟಿನ್ನಿನಲ್ಲಿ ಈ ಏಳು ಹೆಸರಿನ ಮೊದಲ ಅಕ್ಷರಗಳನ್ನು ಕೊನೆಯಿಂದ ಹಿಂದಕ್ಕೆ ಓದಿದರೆ ಎರೋ ಕ್ರಾಸ್ ಅಂತಾಗುತ್ತದೆ. ನಾಳೆ ನಾನು ಅಲ್ಲಿರುತ್ತೇನೆ ಅಂತ ಅರ್ಥ. ಏಳನೇ ದಿನ 23ರ ಸಂಜೆ ಆ ಮಾತು ಪೂರ್ತಿಯಾಗುತ್ತದೆ, ಮರುದಿನ ರಾತ್ರಿ ಕ್ರಿಸ್ಮಸ್.

ವಸಾಯಿಯಿಂದ | ಡಿಸೆಂಬರ್ 17

ಅಕ್ಕಾ, ಓದಿ ಮೈ ಜುಮ್ಮೆಂದಿತು. ಆಂಟಿ ನಮ್ಮನ್ನು 24ರ ರಾತ್ರಿ ಪೂಜೆಗೆ ಬನ್ನಿ ಅಂದಿದ್ದಾರೆ. ಕಪಾಟಿನಿಂದ ಬಾಲಯೇಸುವನ್ನು ತಂದು ಮನೆಯ ಗೋದಲಿಯಲ್ಲಿ ಇಡುವುದು ನನ್ನ ಮಗಳೇ ಅಂತೆ. ಮೊದಲ ಸಲ ಹೋಗುವುದು, ಏನು ಮಾಡಬೇಕು, ಏನು ಮಾಡಬಾರದು ಹೇಳಿ. ಸೀರೆ ಉಡಬಹುದಾ?

ಬಾಂದ್ರಾದ ಮಂಗಳೂರಮ್ಮ | ಡಿಸೆಂಬರ್ 18

ಧಾರಾಳವಾಗಿ ಉಡಿ, ನಿಮ್ಮ ಇಳಕಲ್ ಸೀರೆ ಇದ್ದರೆ ಅದನ್ನೇ ಉಡಿ. ಎಷ್ಟು ಹೊತ್ತಿಗೆ ಶುರು ಅಂತ ಆಂಟಿಯನ್ನು ಮೊದಲೇ ಕೇಳಿಕೊಳ್ಳಿ, ಕೆಲವು ಕಡೆ ಸಂಜೆಯೇ ಇರುತ್ತದೆ. ಬಯಲಲ್ಲಿ ಪೂಜೆ ಇದ್ದರೆ ಮಗುವಿಗೆ ಸ್ವೆಟರ್ ಬೇಕು. ಎಲ್ಲರೂ ನಿಂತಾಗ ನಿಲ್ಲಿ, ಕೂತಾಗ ಕೂರಿ. ಮಂಡಿಯೂರುವ ಹೊತ್ತಿಗೆ ಸುಮ್ನೆ ಕೂತರೂ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಕೊನೆಯ ಹೊತ್ತಿಗೆ ಜನ ಸಾಲಾಗಿ ಹೋಗಿ ಪರಮಪ್ರಸಾದ ತೆಗೆದುಕೊಳ್ಳುತ್ತಾರೆ, ನಿಮ್ಮ ದೇವಸ್ಥಾನದ ಪ್ರಸಾದದ ಹಾಗೆ ಎಲ್ಲರಿಗೂ ಕೊಡುವುದಲ್ಲ ಅದು, ದೀಕ್ಷೆ ಪಡೆದ ಕ್ಯಾಥೊಲಿಕರಿಗೆ ಮಾತ್ರ. ಆಗ ನೀವು ಜಾಗದಲ್ಲೇ ಇರಿ, ಮಗಳ ಕೈ ಹಿಡಿದುಕೊಳ್ಳಿ, ಸಾಲು ನೋಡಿ ಅವಳು ಓಡಬಹುದು.

ಮನೆಗೆ ಬಂದ ಮೇಲೆ ಫ್ರಿಜ್ಜಿನಿಂದ ಕೇಕ್ ತೆಗೆಯುತ್ತಾರೆ. ಆಗ ಹ್ಯಾಪಿ ಕ್ರಿಸ್ಮಸ್ ಅನ್ನಿ.